ಎಣಿಕೆಯೂ ತೂಕವೂ ಒಂದಲ್ಲ



ನನ್ನಲ್ಲಿ ರಸಾಯನಶಾಸ್ತ್ರ ಕಲಿತವರಿಗೆ ಮೋಲ್ ಲೆಕ್ಕಗಳು ನೆನಪಿರಬಹುದು. "ಕೊಟ್ಟದ್ದನ್ನು ಎಡಕ್ಕೆ ಬರೆಯಿರಿ, ಕೇಳಿದ್ದನ್ನು ಬಲಕ್ಕೆ ಬರೆಯಿರಿ, ಅಡ್ಡಗುಣಾಕಾರ ಮಾಡಿರಿ" ಎಂದು ಹೇಳಿಕೊಟ್ಟವನು ನಾನೇ. ಅಂಕಗಳೇನೋ ಬಂದವು. ಆದರೆ ಅದು ಕಲಿಸುವ ಸರಿಯಾದ ಕ್ರಮವಾಗಿರಲಿಲ್ಲವೆಂದು ಇಂದು ಒಪ್ಪಿಕೊಳ್ಳಬೇಕೆನಿಸುತ್ತದೆ.

ಒಂದು ವರ್ಷ ಪ್ರೋಪೇನ್ ದಹನದ ಸಮೀಕರಣವನ್ನು ಸರಿದೂಗಿಸಿ ಹಲಗೆಯ ಮೇಲೆ ಬರೆದಿದ್ದೆ. ಒಂದು ಪ್ರೋಪೇನ್ ಅಣುವಿಗೆ ಐದು ಆಕ್ಸಿಜನ್ ಅಣು. ಉತ್ಪನ್ನಗಳು ಮೂರು ಇಂಗಾಲದ ಡೈಆಕ್ಸೈಡ್, ನಾಲ್ಕು ನೀರು. "44 ಗ್ರಾಂ ಪ್ರೋಪೇನ್ ಪೂರ್ಣವಾಗಿ ಉರಿಯಲು ಎಷ್ಟು ಆಕ್ಸಿಜನ್ ಬೇಕು?" ಎಂದೆ. ತರಗತಿಯ ಜಾಣ ಹುಡುಗನೊಬ್ಬ ತಡಮಾಡದೆ "220 ಗ್ರಾಂ ಸಾರ್" ಎಂದ. ಗದರಿಸಿ ಕೂರಿಸಿದೆ. ತಪ್ಪು ನಿಜವಾಗಿ ನನ್ನದಾಗಿತ್ತು. ಸಮೀಕರಣದ ಅಂಕಿಗಳು ಕಣಗಳ ಎಣಿಕೆಯೇ ಹೊರತು ತೂಕವಲ್ಲವೆಂಬುದನ್ನು ನಾನು ಮನದಟ್ಟು ಮಾಡಿಸಿರಲಿಲ್ಲ.

ತಾಂಬೂಲಕ್ಕೆ ಐದು ಎಲೆ, ಎರಡು ಅಡಿಕೆ ಎಂದರೆ ಐದು ಕಿಲೋ ಎಲೆಗೆ ಎರಡು ಕಿಲೋ ಅಡಿಕೆಯೆಂದು ಯಾರೂ ತಿಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ. 44 ಗ್ರಾಂ ಪ್ರೋಪೇನ್ ಎಂದರೆ ಒಂದು ಮೋಲ್. ಅದಕ್ಕೆ ಐದು ಮೋಲ್ ಆಕ್ಸಿಜನ್ ಬೇಕು. ಒಂದು ಮೋಲ್ ಆಕ್ಸಿಜನ್ನಿನ ತೂಕ 32 ಗ್ರಾಂ. ಆದ್ದರಿಂದ ಉತ್ತರ 160 ಗ್ರಾಂ. ಉತ್ಪನ್ನಗಳನ್ನು ತೂಗಿ ನೋಡಿ: ಇಂಗಾಲದ ಡೈಆಕ್ಸೈಡ್ 132 ಗ್ರಾಂ, ನೀರು 72 ಗ್ರಾಂ, ಒಟ್ಟು 204. ಮೊದಲಿದ್ದದ್ದೂ 204. ಆರು ಅಣುಗಳು ಏಳಾದವು, ತೂಕ ಮಾತ್ರ ಕದಲಲಿಲ್ಲ.

ಇದು ಪರೀಕ್ಷೆಗೆ ಮಾತ್ರ ಬೇಕಾದ ವಿಷಯವಲ್ಲ. ನಮ್ಮ ಅಡುಗೆ ಅನಿಲ ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಅದರ ಒಂದು ಕಿಲೋ ಉರಿಯಲು ಸುಮಾರು 3.6 ಕಿಲೋ ಆಕ್ಸಿಜನ್ ಬೇಕು; 14.2 ಕಿಲೋ ಸಿಲಿಂಡರಿಗೆ ಸುಮಾರು 51 ಕಿಲೋ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿದಾಗ ಈ ಆಕ್ಸಿಜನ್ ಸಾಲದೆ ಹೋದರೆ, ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಪ್ರಾಣಾಂತಕ. ಅಡ್ಡಗುಣಾಕಾರ ಮಾತ್ರ ಬಲ್ಲವನಿಗೆ ಆ ಕಿಟಕಿಯನ್ನು ತೆರೆಯಬೇಕೆಂದು ಹೊಳೆಯುವುದು ಕಷ್ಟ.

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ನನ್ನ ಅಭಿಪ್ರಾಯವಿಷ್ಟೇ: ಸೂತ್ರವನ್ನು ಕೊನೆಗೆ ಕೊಡಿ. ತೂಕದಿಂದ ಮೋಲಿಗೆ, ಮೋಲಿನಿಂದ ಮೋಲಿಗೆ, ಮತ್ತೆ ತೂಕಕ್ಕೆ ಎಂಬ ಮೂರು ಹೆಜ್ಜೆಗಳನ್ನು ಮಕ್ಕಳು ತಮ್ಮ ಮಾತಿನಲ್ಲಿಯೇ ಹೇಳಲಿ. ಎರಡು ಪಾಠಗಳ ಸಮಯ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ಅಂದು ಗದರಿಸಿಕೊಂಡ ಆ ಹುಡುಗ ಇದನ್ನು ಓದುತ್ತಿದ್ದರೆ, ತನ್ನ ಮೇಷ್ಟರನ್ನು ಮನ್ನಿಸಲಿ.