ಠಾಣೆಯ ಮುಂದೆ ಯಾರಿಗಾಗಿ ನಿಂತೆವು?

2009ರಲ್ಲಿ ಬಂಟ್ವಾಳ ತಾಲೂಕಿನ ಬರಿಮಾರಿನ ಯುವತಿಯೊಬ್ಬಳು ಕಾಣೆಯಾದಾಗ ಊರವರು ಠಾಣೆಯ ಮುಂದೆ ಜಮಾಯಿಸಿದರು. ಅನ್ಯಮತದ ಹುಡುಗನ ಜೊತೆ ಓಡಿಹೋಗಿದ್ದಾಳೆಂದು ಗುಲ್ಲೆದ್ದಿತ್ತು, ಸಿಟ್ಟೆಲ್ಲ ಅದರದ್ದು. ಒತ್ತಡ ಹೆಚ್ಚಿ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ಕನ್ಯಾನದ ಮೋಹನ್ ಕುಮಾರ್, ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಗುಲ್ಲೆಬ್ಬಿಸಿದವರು ಹೇಳಿದ ಮತದವನಲ್ಲ. ಕೆದಕುತ್ತ ಹೋದಂತೆ ಅವಳದ್ದೂ ಸೇರಿ 20 ಕೊಲೆ ಪ್ರಕರಣ ಹೊರಬಂದವು. ಕೊನೆಯದರ ತೀರ್ಪು ಬಂದದ್ದು 2020ರಲ್ಲಿ.

ಹಾಗಾದರೆ ಅವಳಿಗಿಂತ ಮೊದಲು ಕಾಣೆಯಾದವರಿಗಾಗಿ ನಾವೇಕೆ ಹೋಗಲಿಲ್ಲ?

ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ನಂಬಿಸಿ ಮೋಹನ್ ಅವರನ್ನು ಕರೆದೊಯ್ಯುತ್ತಿದ್ದ. ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆಗಳನ್ನು ರೂಮಿನಲ್ಲೇ ಬಿಡಿಸಿ, ಬಸ್‌ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಮಾತ್ರೆ ಕೊಡುತ್ತಿದ್ದ. ಅದು ಸಯನೈಡ್. ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರಿನ ಬಸ್‌ಸ್ಟ್ಯಾಂಡ್ ಶೌಚಾಲಯಗಳಲ್ಲಿ ನಮ್ಮ ಹೆಣ್ಣುಮಕ್ಕಳು ಬಿದ್ದಿದ್ದರು. ಅಲ್ಲಿನ ಠಾಣೆಯಲ್ಲಿ ‘ಅಪರಿಚಿತ ಮಹಿಳೆ, ಅಸಹಜ ಸಾವು’ ಎಂಬ ಕಡತ. ಇಲ್ಲಿ ‘ಯಾರ ಜೊತೆಯೋ ಹೋಗಿರ್ಬೇಕು, ಬರ್ತಾಳೆ ಬಿಡಿ’ ಎಂಬ ಮಾತು. ಎರಡನ್ನೂ ವರ್ಷಗಟ್ಟಲೆ ಯಾರೂ ತಾಳೆ ಹಾಕಲಿಲ್ಲ.

ಹೆಚ್ಚಿನವರು ದಲಿತ, ಹಿಂದುಳಿದ ಬಡಮನೆಗಳವರು. ಬೀಡಿ ಕಟ್ಟುತ್ತಿದ್ದವರು, ಅಂಗನವಾಡಿಯಲ್ಲಿ ದುಡಿಯುತ್ತಿದ್ದವರು. ಮರ್ಯಾದೆಗೆ ಅಂಜಿ ದೂರು ಕೊಡದ ಮನೆಗಳೂ ಇದ್ದವು. ಅವರನ್ನು ದೂರಲಾರೆ, ಆ ಅಂಜಿಕೆ ಹುಟ್ಟಿಸಿದ್ದು ನೆರೆಕರೆಯ ನಮ್ಮ ನಾಲಿಗೆಯೇ. ಕೆನಡಾದಲ್ಲಿ ಮೂಲನಿವಾಸಿ ಹೆಂಗಸರು ಕಾಣೆಯಾದಾಗ ವ್ಯವಸ್ಥೆ ಹೇಗೆ ಕಣ್ಣುಮುಚ್ಚಿತ್ತು ಎಂಬುದನ್ನು 2019ರ ರಾಷ್ಟ್ರೀಯ ವಿಚಾರಣಾ ವರದಿ ಬಿಚ್ಚಿಟ್ಟಿತು. ಅಂಥದ್ದೊಂದು ವರದಿ ನಮ್ಮಲ್ಲಿ ಬರೆದರೆ ಜನಾಂಗದ ಜಾಗದಲ್ಲಿ ಜಾತಿ ಎಂದು ತಿದ್ದಬೇಕಾದೀತು, ಅಷ್ಟೆ.

ಅಂದು ಗುಂಪು ಸೇರದಿದ್ದರೆ ಅವನು ಸಿಗುತ್ತಿರಲಿಲ್ಲವೇನೋ, ಒಪ್ಪುತ್ತೇನೆ. ಆದರೆ ಮತದ ಸಂಶಯ ಬಂದರೆ ಮಾತ್ರ ಚಪ್ಪಲಿ ಮೆಟ್ಟುವ ಕಾಳಜಿ ಎಂಥದ್ದು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯುವಕ ಮಂಡಲಗಳೇ, ಸ್ವಸಹಾಯ ಸಂಘಗಳ ಅಕ್ಕಂದಿರೇ, ಮುಂದಿನ ಸಲ ಕೊರಗರ ಮನೆಯ ಹುಡುಗಿ ಕಾಣೆಯಾದರೂ, ಬ್ಯಾರಿಗಳ ಮನೆಯವಳಾದರೂ ಅಷ್ಟೇ ಜನ ಹೊರಡಿ. ಬೀಡಿ ಬ್ರಾಂಚಿನವರೇ, ಬೀಡಿ ತರುವವಳು ಬಾರದಿದ್ದರೆ ಮೊದಲು ಗೊತ್ತಾಗುವುದು ನಿಮಗೆ; ಅವಳ ಮನೆಗೆ ಹೋಗಿ ಕೇಳಿ. ತಾಯಿಯೊಬ್ಬಳೇ ಠಾಣೆಯ ಮೆಟ್ಟಿಲು ಹತ್ತುವಂತಾಗದಿರಲಿ. ಎಫ್‌ಐಆರ್ ಪ್ರತಿ ಕೈಗೆ ಸಿಗುವವರೆಗೆ ಎದ್ದು ಬರಬೇಡಿ. ಬೇರೆ ಜಿಲ್ಲೆಗಳಲ್ಲಿ ಗುರುತು ಸಿಗದ ಶವಗಳ ವಿವರ ತರಿಸಿ ನೋಡಿದ್ದೀರಾ ಎಂದು ಕೇಳಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಕೇಳಿ.