‘ಕಂಪನೀದಾ, ಲೋಕಲ್ಲಾ?’ ಅನ್ನೋ ಪ್ರಶ್ನೆಯೇ ತಪ್ಪು

ಬಳ್ಳಾರಿಯಲ್ಲಿ ಆಯಿಲ್ ಚೇಂಜ್‌ಗೆ ಕಾರು ನಿಲ್ಲಿಸಿದರೆ ಒಂದು ಪ್ರಶ್ನೆ ಬಂದೇ ಬರುತ್ತೆ. “ಸಾರ್, ಫಿಲ್ಟರ್ ಕಂಪನೀದು ಹಾಕ್ಲೇನ್ರಿ, ಲೋಕಲ್ ನಡೀತದೇನ್ರಿ?” ಸಿರುಗುಪ್ಪದಲ್ಲೂ ಇದೇ, ಕುರುಗೋಡಿನಲ್ಲೂ ಇದೇ. ನನ್ನ ತಕರಾರು ಇರೋದು ಉತ್ತರದ ಬಗ್ಗೆ ಅಲ್ಲ, ಪ್ರಶ್ನೆಯ ಬಗ್ಗೆ. ಕಂಪನೀದು ಅಂದ್ರೆ ದೇವರು, ಉಳಿದಿದ್ದೆಲ್ಲ ದೆವ್ವ ಅಂತ ಎರಡೇ ಖಾನೆ ಮಾಡಿಟ್ಟರೆ, ನಾವು ನಿಜಕ್ಕೂ ಕೇಳಬೇಕಾದ ಮಾತು ಬಾಯಿಗೇ ಬರಲ್ಲ: ಇದನ್ನ ತಯಾರಿಸಿದವರು ಯಾರು?

ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನ ತಾವೇ ಮಾಡಲ್ಲ. ಅದನ್ನೇ ಕಸುಬು ಮಾಡಿಕೊಂಡವರಿಂದ ಮಾಡಿಸಿ, ಮೇಲೆ ತಮ್ಮ ಹೆಸರು ಹಾಕಿಸ್ತಾರೆ. ಮಾಹ್ಲೆ, ಮಾನ್ ತರಹದ ತಯಾರಕರು ಕಾರು ಕಂಪನಿಗಳಿಗೂ ಕೊಡ್ತಾರೆ, ಸ್ವಂತ ಹೆಸರಲ್ಲೂ ಮಾರ್ತಾರೆ. ಇಂಥವರ ಡಬ್ಬಿಯನ್ನೂ, ಹೆಸರು ಕುಲ ಗೊತ್ತಿಲ್ಲದ ಡಬ್ಬಿಯನ್ನೂ ‘ಲೋಕಲ್’ ಅನ್ನೋ ಒಂದೇ ಗೋಣಿಚೀಲಕ್ಕೆ ತುಂಬೋದು ಯಾವ ನ್ಯಾಯ?

ಹಾಗಂತ “ಎಲ್ಲಾ ಒಂದೇ ಸಾರ್, ತಗಡಿನ ಡಬ್ಬಿ” ಅನ್ನೋ ಮೆಕ್ಯಾನಿಕ್ ಮಾತೂ ನಾನು ಒಪ್ಪಲ್ಲ. ಹೊರಗಿಂದ ನೋಡಿದ್ರೆ ಎಲ್ಲಾ ಒಂದೇ, ನಿಜ. ಒಳಗಿನ ಕಥೆ ಬೇರೆ. ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದ ಕಸ ಹಿಡೀಬೇಕು. ಇಂಜಿನ್ ಆಫ್ ಮಾಡಿದಾಗ ಫಿಲ್ಟರಲ್ಲಿರೋ ಆಯಿಲ್ ಕೆಳಗೆ ಇಳಿದು ಹೋಗದಂತೆ, ಬೇಕಾದ ಕಡೆ ಒಂದು ರಬ್ಬರ್ ವಾಲ್ವ್ ಇರುತ್ತೆ. ಅದು ಸೋತರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಇಂಜಿನ್ ಒಣಗಿದ ಗಂಟಲಲ್ಲೇ ಓಡುತ್ತೆ. ಕಾಗದ ಕಟ್ಟಿಕೊಂಡರೆ ಸೋಸದಿದ್ದರೂ ಪರವಾಗಿಲ್ಲ, ಆಯಿಲ್ ಅಂತೂ ಹೋಗಲಿ ಅಂತ ದಾರಿ ಬಿಡೋಕೆ ಇನ್ನೊಂದು ವಾಲ್ವ್. ಕಳಪೆ ಫಿಲ್ಟರ್ ಇದರಲ್ಲಿ ಯಾವುದನ್ನ ಮಾಡದಿದ್ದರೂ ಆ ಹೊತ್ತಿಗೆ ನಿಮಗೆ ಗೊತ್ತಾಗಲ್ಲ. ಇಂಜಿನ್ ಮಾತ್ರ ಸದ್ದಿಲ್ಲದೆ ಸವೀತಾ ಇರುತ್ತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಹಾಗೆ.

ಈಗ ವಾರಂಟಿ ಗುಮ್ಮ. “ಹೊರಗಿನ ಫಿಲ್ಟರ್ ಹಾಕಿದ್ರೆ ವಾರಂಟಿ ಕ್ಯಾನ್ಸಲ್” ಅಂತ ಒಂದು ಸರ್ವಿಸ್ ಸೆಂಟರಲ್ಲಿ ನನಗೂ ಹೇಳಿದ್ರು. “ಅದನ್ನೇ ಜಾಬ್ ಕಾರ್ಡ್ ಮೇಲೆ ಬರೆದು ಸಹಿ ಹಾಕಿಕೊಡಿ” ಅಂದೆ. ಬರೆದುಕೊಡಲಿಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಮಾರುಕಟ್ಟೆಗೆ ಸಿಗದಂತೆ ತಡೆದಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ಕಿತ್ತುಹಾಕಬಾರದು, ಹೊರಗಿನ ಕೆಲಸದಿಂದ ಹಾಳಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ವರ್ಷಗಟ್ಟಲೆ ನಡೀತು. ಆದರೆ ಆಯೋಗ ಎತ್ತಿದ ಪ್ರಶ್ನೆ ಇವತ್ತಿಗೂ ನಮ್ಮದೇ: ಕಾರು ಕೊಂಡಿದ್ದು ನಾವಾ, ಬಾಡಿಗೆಗೆ ತಂದಿದ್ದಾ?

“ಕೆಲವು ನೂರು ರೂಪಾಯಿಗೆ ಇಷ್ಟೆಲ್ಲ ಯಾಕ್ರೀ?” ಅಂತೀರಾ? ಸಂಬಳದವರಿಗೆ ಅದು ಚಿಲ್ಲರೆ ಇರಬಹುದು. ಸಿರುಗುಪ್ಪ–ಬಳ್ಳಾರಿ ಬಾಡಿಗೆ ಓಡಿಸಿ ಕಂತು ಕಟ್ಟೋ ಹುಡುಗನಿಗೆ ಅಲ್ಲ. ಕಂಪನೀದೇ ಬೇಕು ಅಂತ ಹೆದರಿಸಿದರೆ ಅವನು ಕಂಪನೀದು ಹಾಕಿಸಲ್ಲ, ಚೇಂಜ್ ಮಾಡಿಸೋದನ್ನೇ ಮುಂದಿನ ತಿಂಗಳಿಗೆ ತಳ್ತಾನೆ. ಯಾವ ಬ್ರ್ಯಾಂಡೂ ಮಾಡದ ಹಾನಿ ಆ ‘ಮುಂದಿನ ತಿಂಗಳು’ ಮಾಡುತ್ತೆ.

ಅದರಲ್ಲೂ ನಮ್ಮ ಜಿಲ್ಲೆಯಲ್ಲಿ! ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಹಿಂದೆ ಹತ್ತು ನಿಮಿಷ ಓಡಿಸಿ ನೋಡಿ, ಬಿಳೀ ಕಾರು ಕೆಂಪಾಗುತ್ತೆ. ಸಿರುಗುಪ್ಪದಲ್ಲಿ ಭತ್ತದ ಸುಗ್ಗಿ ಬಂದರೆ ರಸ್ತೆ ತುಂಬ ಹೊಟ್ಟು, ಧೂಳು. ಕುರುಗೋಡಿನ ದೊಡ್ಡಬಸವೇಶ್ವರ ತೇರಿನ ದಿನ ಫಸ್ಟ್ ಗೇರಲ್ಲೇ ತೆವಳಬೇಕು. ಮೇಲೆ 40 ಡಿಗ್ರಿ ದಾಟೋ ಬೇಸಿಗೆ. ನಿಮ್ಮ ಕಾರಿನ ಪುಸ್ತಕ ತೆಗೆದು ಓದಿ. ಧೂಳಿನ ರಸ್ತೆ, ನಿಂತು ನಿಂತು ಓಡಿಸೋದು ‘ಕಠಿಣ ಬಳಕೆ’, ಆಯಿಲ್ ಫಿಲ್ಟರ್ ಬೇಗ ಬದಲಿಸಿ ಅಂತ ಬಹಳಷ್ಟು ಪುಸ್ತಕಗಳು ಹೇಳುತ್ತವೆ. ಒರಿಜಿನಲ್ ಬಗ್ಗೆ ಭಾಷಣ ಮಾಡೋರು ಈ ಪುಟ ಯಾಕೆ ತೋರಿಸಲ್ಲ? ಧೂಳನ್ನ ಮೊದಲು ತಡೆಯೋದು ಏರ್ ಫಿಲ್ಟರ್ ಅಂತಲೂ ಯಾಕೆ ಹೇಳಲ್ಲ?

ಇನ್ನೊಂದು ಮಾತು. ನಕಲಿ ಮಾಡೋನು ಹೆಸರಿಲ್ಲದವನ ನಕಲು ಯಾಕೆ ಮಾಡ್ತಾನೆ? ಹೆಸರು ಮಾಡಿದವರ ಡಬ್ಬಿಯನ್ನೇ ಮಾಡ್ತಾನೆ. ಹಾಗಾಗಿ ಅರ್ಧ ಬೆಲೆಗೆ ಸಿಕ್ಕ ‘ಕಂಪನೀದು’, ಬಿಲ್ ಸಮೇತ ತಗೊಂಡ ಒಳ್ಳೆಯ ಹೊರಗಿನ ಬ್ರ್ಯಾಂಡಿಗಿಂತ ಅಪಾಯ. ಡಬ್ಬಿ ಮೇಲಿನ ಹೆಸರಿಗಿಂತ ಅಂಗಡಿಯವನು ಕೊಡೋ ಬಿಲ್ ದೊಡ್ಡದು.

ವಾರಂಟಿ ಇದ್ದು, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂದ್ರೆ ಕಂಪನೀದೇ ಹಾಕಿಸಿ, ಬೇಡ ಅನ್ನಲ್ಲ. ಆದರೆ ಲೆಕ್ಕ ಹಾಕಿ ಹಾಕಿಸಿ, ಹೆದರಿ ಅಲ್ಲ. ವಾರಂಟಿ ಮುಗಿದಿದ್ರೆ ನಿಮ್ಮ ಮಾಡೆಲ್ಲಿಗೆ ಹೊಂದುವ ಪಾರ್ಟ್ ನಂಬರಿನ, ತಯಾರಕರ ಹೆಸರಿರೋ ಫಿಲ್ಟರ್ ತಗೊಳ್ಳಿ, ಜಿಎಸ್‌ಟಿ ಬಿಲ್ ಕೇಳಿ, ಕಿಲೋಮೀಟರ್ ಬರೆದಿಡಿ. ಯಾವುದನ್ನೇ ಹಾಕಿಸಿ, ಡಬ್ಬಿ ನಿಮ್ಮ ಕಣ್ಣೆದುರೇ ಒಡೀಲಿ, ಬಿಚ್ಚಿದ ಹಳೇ ಫಿಲ್ಟರನ್ನ ತೋರಿಸಲಿ. ತೋರಿಸೋಕೆ ತಡವರಿಸೋ ಗ್ಯಾರೇಜಲ್ಲಿ ಯಾವ ಬ್ರ್ಯಾಂಡ್ ಹಾಕಿಸಿದ್ರೂ ಅಷ್ಟೇ.