ಸವೆದ ಕ್ಲಚ್ಚು ಮತ್ತು ಘರ್ಷಣೆಯ ಪಾಠ

ಕಳೆದ ಶ್ರಾವಣದ ಒಂದು ಸಂಜೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿರುವ ಛೋಟಾ ಮಹಾಬಳೇಶ್ವರ ಗುಡ್ಡದ ಏರನ್ನು ಹತ್ತುವಾಗ ನಮ್ಮ ಮೋಟಾರ್ ಸೈಕಲ್ಲು ವಿಚಿತ್ರವಾಗಿ ವರ್ತಿಸಿತು. ಆ್ಯಕ್ಸಿಲರೇಟರನ್ನು ತಿರುವಿದಷ್ಟೂ ಎಂಜಿನ್ನಿನ ಆರ್ಭಟವೇನೋ ಹೆಚ್ಚಿತು. ಗಾಡಿಯ ವೇಗ ಮಾತ್ರ ಹೆಚ್ಚಲಿಲ್ಲ. ಹಿಂದೆ ಕುಳಿತಿದ್ದ ನಮ್ಮ ವಿದ್ಯಾರ್ಥಿಯು, "ಪೆಟ್ರೋಲಿನಾಗ ಏನರ ಕಲಬೆರಕೆ ಇರಬೇಕ್ರಿ ಸರ" ಎಂದನು. ಅದೇ ವಾರ ಘರ್ಷಣೆಯ ಅಧ್ಯಾಯದ ಕಿರುಪರೀಕ್ಷೆಯಲ್ಲಿ ಆತನಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕಗಳು ಬಂದಿದ್ದವು. ತಾನು ಕುಳಿತ ಗಾಡಿಯಲ್ಲಿಯೇ ಘರ್ಷಣೆ ಸೋತುದನ್ನು ಅವನು ಗುರುತಿಸಲಿಲ್ಲ. ತಪ್ಪು ಅವನದಲ್ಲ, ಕಲಿಸಿದ ನಮ್ಮದು.

ಸವೆದ ಕ್ಲಚ್ಚನ್ನು ಮನೆಯಂಗಳದಲ್ಲಿ ತಮ್ಮ ಕೈಯಿಂದಲೇ ಬಿಚ್ಚಿ ಬದಲಿಸುವುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವೇ ಆಗಬೇಕು ಎಂಬುದು ಅಂದಿನಿಂದ ನಮ್ಮ ಮತ. ಮರದ ತುಂಡನ್ನು ಇಳಿಜಾರು ಹಲಗೆಯ ಮೇಲೆ ಜಾರಿಸುವ ಪ್ರಯೋಗವನ್ನು ನಾವು ಹಳಿಯುವವರಲ್ಲ. ಆದರೆ ಆ ಮರದ ತುಂಡು ಯಾರನ್ನೂ ಎಲ್ಲಿಗೂ ಒಯ್ಯದು.

ಕ್ಲಚ್ಚಿನೊಳಗೆ ಇರುವುದಿಷ್ಟೆ: ಎಂಜಿನ್ನಿನೊಡನೆ ಸುತ್ತುವ ಒಂದು ಬುಟ್ಟಿ, ಅದಕ್ಕೆ ಸಿಕ್ಕಿಸಿದ ಘರ್ಷಣೆಯ ಪ್ಲೇಟುಗಳು, ಅವುಗಳ ನಡುನಡುವೆ, ಗೇರುಪೆಟ್ಟಿಗೆಯ ದಂಡದೊಡನೆ ಸುತ್ತುವ ಉಕ್ಕಿನ ಪ್ಲೇಟುಗಳು. ಈ ರಾಶಿಯನ್ನು ಸ್ಪ್ರಿಂಗುಗಳು ಸದಾ ಅದುಮಿ ಹಿಡಿದಿರುತ್ತವೆ. ಎಡಗೈಯ ಹಿಡಿಯನ್ನು ಎಳೆದರೆ ಆ ಅದುಮು ಸಡಿಲಗೊಂಡು, ಎಂಜಿನ್ನು ತನ್ನ ಪಾಡಿಗೆ, ಚಕ್ರ ತನ್ನ ಪಾಡಿಗೆ. ಇಲ್ಲಿ ಬುದ್ಧಿವಂತ ವಿದ್ಯಾರ್ಥಿಗೆ ಒಂದು ಸಂದೇಹ ಹುಟ್ಟಬೇಕು. ಘರ್ಷಣೆಯು ಮೇಲ್ಮೈಯ ವಿಸ್ತೀರ್ಣವನ್ನು ಅವಲಂಬಿಸದು ಎಂದು ಪುಸ್ತಕ ಹೇಳುತ್ತದಷ್ಟೆ? ಹಾಗಾದರೆ ಒಂದು ಪ್ಲೇಟು ಸಾಲದೆ, ಐದು ಏಕೆ? ಉತ್ತರವಿದು: ಸ್ಪ್ರಿಂಗಿನ ಬಲವು ರಾಶಿಯಲ್ಲಿ ಹಂಚಿಹೋಗುವುದಿಲ್ಲ, ಒಂದೇ ಬಲವು ಮೊದಲಿನಿಂದ ಕೊನೆಯವರೆಗೆ ಪ್ರತಿ ಜೋಡಿ ಮೇಲ್ಮೈಯನ್ನೂ ಪೂರ್ತಿಯಾಗಿ ಅದುಮುತ್ತದೆ. ಐದು ಪ್ಲೇಟುಗಳಿಗೆ ಹತ್ತು ಮುಖಗಳು. ಅದೇ ಬಲಕ್ಕೆ ಹತ್ತರಷ್ಟು ಹಿಡಿತ. ಲೆಕ್ಕಕ್ಕೆ ಬರುವುದು ವಿಸ್ತೀರ್ಣವಲ್ಲ, ಮುಖಗಳ ಸಂಖ್ಯೆ. ಪ್ಲೇಟಿನ ಅಗಲವು ಬೇಕಾಗುವುದು ಸವೆತವನ್ನೂ ಉಷ್ಣವನ್ನೂ ತಾಳಿಕೊಳ್ಳಲು.

ಬಿಚ್ಚುವ ಮೊದಲು ಹಳೇ ಹುಬ್ಬಳ್ಳಿಯ ಪರಿಚಿತ ಮೆಕ್ಯಾನಿಕರೊಬ್ಬರನ್ನು ವಿಚಾರಿಸಿದೆವು. "ಮೊದಲ ಕೇಬಲ್ ನೋಡ್ರಿ ಸರ, ಆಮ್ಯಾಲ ಪ್ಲೇಟಿನ ಮಾತು" ಎಂದರು. ಎಷ್ಟು ಸರಿಯಾದ ಮಾತು! ಹಿಡಿಯ ತುದಿಯಲ್ಲಿ ಸ್ವಲ್ಪ ಸಡಿಲು ಇರಲೇಬೇಕು. ಹಲವು ಗಾಡಿಗಳಲ್ಲಿ ಅದು 10ರಿಂದ 20 ಮಿಲಿಮೀಟರು. ಅದಿಲ್ಲದಿದ್ದರೆ ಕೇಬಲ್ಲು ಬಿಗಿದು, ನಾವು ಹಿಡಿಯನ್ನು ಮುಟ್ಟದಿದ್ದಾಗಲೂ ಕ್ಲಚ್ಚನ್ನು ಅರೆಬರೆ ಬಿಡಿಸಿಯೇ ಇಟ್ಟಿರುತ್ತದೆ. ಅನೇಕರು ಕೇಬಲ್ಲಿನ ದೋಷಕ್ಕೆ ಪ್ಲೇಟನ್ನು ಬದಲಿಸಿ ಹಣ ಕಳೆದುಕೊಳ್ಳುವುದುಂಟು. ನಮ್ಮಲ್ಲಿ ಸಡಿಲು ಸರಿಯಾಗಿಯೇ ಇತ್ತು, ಬಿಚ್ಚದೆ ಗತ್ಯಂತರವಿರಲಿಲ್ಲ.

ಭಾನುವಾರ ಬೆಳಗ್ಗೆ ಎಣ್ಣೆ ಇಳಿಸಿ, ಕಿಕ್ಕನ್ನೂ ಬಲಗಡೆಯ ಮುಚ್ಚಳವನ್ನೂ ತೆಗೆದೆವು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ಪ್ರೆಶರ್ ಪ್ಲೇಟು ಓರೆಯಾಗುತ್ತದೆ. ಕೆಲವು ಗಾಡಿಗಳಲ್ಲಿ ನಡುವಿನ ನಟ್ಟಿಗೆ ಬೇರೆಯೇ ಪಾನಾ ಬೇಕಾದೀತು. ಅದಿಲ್ಲದೆ ಸುತ್ತಿಗೆ ಹಿಡಿಯುವುದು ಸಲ್ಲದು. ಪ್ಲೇಟುಗಳನ್ನು ತೆಗೆದ ಕ್ರಮದಲ್ಲಿಯೇ ಹಳೆಯ ವೃತ್ತಪತ್ರಿಕೆಯ ಮೇಲೆ ಸಾಲಾಗಿಟ್ಟೆವು. ಕಾಲೇಜಿನಿಂದ ತಂದ ವರ್ನಿಯರ್ ಕ್ಯಾಲಿಪರಿನಿಂದ ವಿದ್ಯಾರ್ಥಿಯೇ ಅಳೆದನು. ಹೊಸ ಪ್ಲೇಟು 3.0 ಮಿಲಿಮೀಟರು, ಹಳೆಯದು 2.6. "ಇಷ್ಟ ಸವೆದದ್ದಕ್ಕ ಇಷ್ಟು ರಾದ್ಧಾಂತ ಏನ್ರಿ?" ಎಂದು ಕೇಳಿ, ತಾನೇ ಕ್ಷಣಕಾಲ ಸುಮ್ಮನಿದ್ದು, "ಐದೂ ಸೇರಿದರ ಎರಡು ಮಿಲಿಮೀಟರ್ ಆತಲ್ರಿ. ಸ್ಪ್ರಿಂಗು ಅಷ್ಟು ಸಡಿಲ ಆದಂಗ!" ಎಂದನು. ಹುಕ್ ಮಹಾಶಯನ ನಿಯಮವನ್ನು ಅವನು ಅಂದು ಮೊದಲ ಸಲ ಕಂಡನೆಂದು ನಾವು ಭಾವಿಸುತ್ತೇವೆ. ಉಕ್ಕಿನ ಪ್ಲೇಟುಗಳಲ್ಲಿ ಎರಡು ನೀಲಿಗಟ್ಟಿದ್ದವು. ಉಕ್ಕು ಅತಿಯಾಗಿ ಕಾದುದರ ಗುರುತು ಅದು.

ಆ ಉಷ್ಣ ಎಲ್ಲಿಂದ ಬಂದಿತು? ಗಾಡಿಯು ಸಮತಟ್ಟಾದ ರಸ್ತೆಯಲ್ಲಿ ನಿಂತಲ್ಲಿಂದ ಹೊರಡುತ್ತಿದೆ, ಎಂಜಿನ್ನು ಒಂದೇ ವೇಗದಲ್ಲಿ ಸುತ್ತುತ್ತಿದೆ ಎಂದಿಟ್ಟುಕೊಳ್ಳೋಣ. ಕ್ಲಚ್ಚಿನ ಎರಡೂ ಕಡೆ ತಿರುಗುಬಲ ಒಂದೇ. ಆದರೆ ಎಂಜಿನ್ನಿನ ಕಡೆ ಪೂರ್ಣ ವೇಗ. ಚಕ್ರದ ಕಡೆ ಸೊನ್ನೆಯಿಂದ ಪೂರ್ಣಕ್ಕೆ ಏರುವ ವೇಗ, ಸರಾಸರಿ ಅರ್ಧ. ಆದುದರಿಂದ ಎಂಜಿನ್ನು ಕೊಟ್ಟ ಶಕ್ತಿಯಲ್ಲಿ ಅರ್ಧ ಮಾತ್ರ ಚಲನಶಕ್ತಿಯಾಗಿ, ಉಳಿದರ್ಧ ಪ್ಲೇಟುಗಳಲ್ಲಿ ಉಷ್ಣವಾಗುತ್ತದೆ. ಕ್ಲಚ್ಚನ್ನು ಬೇಗ ಬಿಟ್ಟರೂ ತಡವಾಗಿ ಬಿಟ್ಟರೂ ಈ ಅರ್ಧ ತಪ್ಪದು. ಬ್ಯಾಟರಿಯಿಂದ ಕೆಪಾಸಿಟರನ್ನು ತುಂಬುವಾಗ ಅರ್ಧ ಶಕ್ತಿ ತಂತಿಯಲ್ಲಿ ಕಳೆದುಹೋಗುವುದನ್ನು ಕಾಲೇಜು ವಿದ್ಯಾರ್ಥಿಗಳು ಓದಿರುತ್ತಾರೆ. ಇದು ಅದರ ಅಣ್ಣತಮ್ಮ.

ಸವಾರನೊಡನೆ ಗಾಡಿಯ ತೂಕ 200 ಕಿಲೋಗ್ರಾಮು, ಕ್ಲಚ್ಚು ಪೂರ್ತಿ ಹಿಡಿಯುವಾಗ ವೇಗ ಸೆಕೆಂಡಿಗೆ 3 ಮೀಟರು ಎಂದಾದರೆ, ಒಂದು ಸಲ ಹೊರಟಾಗ ಹುಟ್ಟುವ ಉಷ್ಣ 900 ಜೌಲು. ಇದು ಅಲ್ಪ. ಈಗ ಹತ್ತಕ್ಕೆ ಒಂದರಂತಿರುವ ಏರಿನಲ್ಲಿ, ಬ್ರೇಕು ಹಿಡಿಯದೆ, ಅರೆ ಕ್ಲಚ್ಚಿನಲ್ಲಿಯೇ ಗಾಡಿಯನ್ನು ನಿಲ್ಲಿಸಿಕೊಂಡ ಸವಾರನನ್ನು ನೋಡಿ. ಹಿಂದೆ ಜಾರದಂತೆ ತಡೆಯಲು ಸುಮಾರು 200 ನ್ಯೂಟನ್ ಬಲ ಬೇಕು. ಮೊದಲನೆಯ ಗೇರಿನಲ್ಲಿ ಎಂಜಿನ್ನಿನ ನಿಧಾನಗತಿಯು ಸೆಕೆಂಡಿಗೆ 2 ಮೀಟರಿಗೆ ಸಮವೆಂದರೂ, ಪ್ರತಿ ಸೆಕೆಂಡಿಗೆ 400 ಜೌಲು ಪ್ಲೇಟುಗಳಿಗೆ ಇಳಿಯುತ್ತದೆ. ಒಂದು ನಿಮಿಷಕ್ಕೆ 24,000. ಅಂದರೆ ಎಲ್ಲಿಯೂ ಹೋಗದೆ ನಿಂತ ಆ ಒಂದು ನಿಮಿಷವು ಸುಮಾರು ಇಪ್ಪತ್ತೇಳು ಸಲ ಹೊರಟುದಕ್ಕೆ ಸಮ! ನಾವೂ ಸಿಗ್ನಲ್ಲುಗಳಲ್ಲಿ ಹಾಗೆಯೇ ನಿಲ್ಲುತ್ತಿದ್ದೆವೆಂದು ಒಪ್ಪಿಕೊಳ್ಳುತ್ತೇವೆ.

ನಮ್ಮದೇ ಇನ್ನೊಂದು ತಪ್ಪನ್ನೂ ಹೇಳಬೇಕು. ಹಿಂದಿನ ಸಲ ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಎಂಜಿನ್ ಎಣ್ಣೆಯನ್ನು ಹಾಕಿದ್ದೆವು. ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳು ಅಂಥ ಎಣ್ಣೆಯಲ್ಲಿ ಇರಬಹುದು. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿಗೆ ಅವು ಶತ್ರು. ಜಪಾನಿನವರು 1998ರಲ್ಲಿ ಗೊತ್ತುಪಡಿಸಿದ 'ಜಾಸೊ ಎಂಎ' ಎಂಬ ಗುರುತು ಡಬ್ಬಿಯ ಮೇಲಿದೆಯೇ ಎಂದು ನೋಡಿಕೊಳ್ಳಬೇಕು. ಎಣ್ಣೆಯೊಳಗೂ ಹಿಡಿತ ಬಿಡದ ವಸ್ತುವನ್ನು ಹುಡುಕುವುದು ಹಳೆಯ ಸಮಸ್ಯೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಗಾಡಿಗಳನ್ನು ಬಲ್ಲ ಹಿರಿಯರು, ಅವುಗಳ ಪ್ಲೇಟಿನಲ್ಲಿ ಕಾರ್ಕಿನ ಬಿಲ್ಲೆಗಳಿದ್ದುದನ್ನು ನೆನೆಯುತ್ತಾರೆ. ಅವುಗಳಲ್ಲಿ ಗೇರಿನ ಸನ್ನೆಯನ್ನು ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು! ಹಳೆಯ ಗಾಡಿಗಳನ್ನು ಬಿಚ್ಚುವವರಿಗೆ ಒಂದು ಎಚ್ಚರಿಕೆ: ಹಿಂದೆ ಘರ್ಷಣೆಯ ವಸ್ತುಗಳಲ್ಲಿ ಕಲ್ನಾರನ್ನು ಬೆರೆಸುತ್ತಿದ್ದರು. ಒಣಗಿದ ಪುಡಿಯನ್ನು ಬಾಯಿಂದ ಊದಕೂಡದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ನಮ್ಮ ಸಹೋದ್ಯೋಗಿಗಳೊಬ್ಬರು, ಮೆಕ್ಯಾನಿಕ್ಕು ಒಂದು ತಾಸಿನಲ್ಲಿ ಮುಗಿಸುವ ಕೆಲಸಕ್ಕೆ ಇಡೀ ದಿನ ಹಾಳು ಮಾಡಿದಿರೆಂದು ನಕ್ಕರು. ಅವರ ಲೆಕ್ಕ ಸರಿ. ಆದರೆ ಸೂತ್ರ ಬಲ್ಲವನು ಪಾನಾ ಮುಟ್ಟುವುದಿಲ್ಲ, ಪಾನಾ ಹಿಡಿದವನಿಗೆ ಸೂತ್ರ ಹೇಳುವವರಿಲ್ಲ ಎಂಬ ಸ್ಥಿತಿ ನಮ್ಮ ಊರುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದರಿಂದ ಇಬ್ಬರಿಗೂ ನಷ್ಟ. ಪುಸ್ತಕ ಓದದ ಆ ಮೆಕ್ಯಾನಿಕರು ಕೇಬಲ್ಲನ್ನು ಮೊದಲು ನೋಡಿರೆಂದದ್ದು ಶುದ್ಧ ವಿಜ್ಞಾನದ ಕ್ರಮವಲ್ಲವೆ?

ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಸಿ ಜೋಡಿಸಿದೆವು. ಗಾಡಿ ಅದೇ ಏರನ್ನು ಸಲೀಸಾಗಿ ಹತ್ತಿತು. ಆದರೆ ಮುಚ್ಚಳದ ಪ್ಯಾಕಿಂಗನ್ನು ಸರಿಯಾಗಿ ಕೂರಿಸದೆ ಇದ್ದುದರಿಂದ ಎಣ್ಣೆ ಜಿನುಗತೊಡಗಿ, ಮರುಭಾನುವಾರ ಮತ್ತೆ ಬಿಚ್ಚಬೇಕಾಯಿತು. ಈ ಸಲ ಪಾನಾ ಹಿಡಿದವನು ವಿದ್ಯಾರ್ಥಿ. ನಾವು ಬೋಲ್ಟುಗಳನ್ನು ಎಣಿಸುತ್ತ ಕುಳಿತೆವು.